ಬಣ್ಣ ತಿರುಗದ ಹಿಟ್ಟು

"ಅಮ್ಮಾ, ಇವತ್ತೂ ಬಣ್ಣ ಬರ್ಲಿಲ್ಲ."

ಮಗಳು ಬಚ್ಚಲುಮನೆಯ ಬಾಗಿಲಲ್ಲಿ ನಿಂತು, ಬೆರಳತುದಿಯಲ್ಲಿ ಹಿಡಿದ ಕಾಗದದ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಒಲೆಯ ಮುಂದೆ ಸೂಪು ಕದಡುತ್ತಿದ್ದ ತಾಯಿಯ ಕೈ ನಿಂತಿತು.

"ಹಳೇ ಡಬ್ಬಿದಿರಬೇಕು. ತೇವ ತಗುಲಿದೆಯೋ ಏನೋ" ಎಂದಳು, ತಿರುಗಿ ನೋಡದೆ.

"ಹೋದ ವಾರ ತಂದಿದ್ದಮ್ಮ ಇದು."

ಆ ಪಟ್ಟಿಗಳನ್ನು ಕೊಟ್ಟವನು ಮಗಳ ಓಟದ ಕೋಚ್. ಬೆಳಗಿನ ಮೂತ್ರದಲ್ಲಿ ಅದ್ದಿ ತೆಗೆದರೆ ಪಟ್ಟಿಯ ತುದಿ ನೇರಳೆ ಬಣ್ಣಕ್ಕೆ ತಿರುಗಬೇಕು. ತಿರುಗಿದರೆ ಮೈ ತನ್ನ ಕೊಬ್ಬನ್ನು ತಾನೇ ಉರಿಸಿಕೊಂಡು ಓಡುತ್ತಿದೆ ಎಂದು ಅರ್ಥ. ಹಿಟ್ಟೋ ಸಕ್ಕರೆಯೋ ಹೊಟ್ಟೆಗೆ ಬಿದ್ದಿದ್ದರೆ ಪಟ್ಟಿ ಮಂಕಾಗಿಯೇ ಉಳಿಯುತ್ತದೆ. ಮಗಳು ಬ್ರೆಡ್ಡು, ಅನ್ನ, ಆಲೂಗಡ್ಡೆ, ಹಣ್ಣು ಎಲ್ಲವನ್ನೂ ಬಿಟ್ಟು ಬಹಳ ಕಾಲವಾಗಿತ್ತು. ಮೊಟ್ಟೆ, ಮೀನು, ಮಾಂಸ, ಬೆಣ್ಣೆ, ಸೊಪ್ಪು, ಹೂಕೋಸು, ಇಷ್ಟೇ ಅವಳ ಊಟ. ಮೊದಮೊದಲು ಪಟ್ಟಿ ದಿನವೂ ನೇರಳೆಯಾಗುತ್ತಿತ್ತು. ಈಚೆಗೆ ಆಗುತ್ತಿರಲಿಲ್ಲ.

ಯಾಕೆ ಆಗುತ್ತಿಲ್ಲವೆಂಬುದು ತಾಯಿಗೆ ಗೊತ್ತಿತ್ತು. ಸೂಪಿನ ಪಾತ್ರೆಯಲ್ಲಿ ಅದು ಕರಗಿ, ಸಣ್ಣಗೆ ಕುದಿಯುತ್ತಿತ್ತು.

ಅವರದು ಬೇಕರಿ. ಕೆಳಗೆ ಅಂಗಡಿ ಮತ್ತು ಒಲೆಮನೆ, ಮೇಲೆ ಎರಡು ಕೋಣೆಯ ಮನೆ. ಬೆಳಗಾಗುವ ಹೊತ್ತಿಗೆ ಬ್ರೆಡ್ಡಿನ ಬಿಸಿ ವಾಸನೆ ಮೆಟ್ಟಿಲೇರಿ ಬಂದು ಹಾಸಿಗೆ ಬಟ್ಟೆಗಳಲ್ಲಿ ಸೇರಿಕೊಳ್ಳುತ್ತಿತ್ತು. ಯಜಮಾನ ಇದ್ದ ದಿನಗಳಲ್ಲಿ ಒಲೆಯಿಂದ ಬಂದ ಮೊದಲ ಬ್ರೆಡ್ಡನ್ನು ಕಣ್ಣಿಗೊತ್ತಿಕೊಂಡು, ಕೈಯಿಂದಲೇ ಮುರಿದು, ಮಗಳ ಬಾಯಿಗೆ ಒಂದು ಚೂರು ಇಟ್ಟ ಮೇಲೆಯೇ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ದೇವರು ಕೊಟ್ಟದ್ದು, ಮೊದಲು ಮಗು ತಿನ್ನಲಿ ಎನ್ನುತ್ತಿದ್ದ. ಉಳಿದದ್ದನ್ನು ತಾನು ತಿನ್ನುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಮೊದಲು ಕಾಲ್ಬೆರಳು ಹೋದವು, ಆಮೇಲೆ ಪಾದ, ಆಮೇಲೆ ಕಣ್ಣು. ಕೊನೆಗೆ ಅವನೇ ಹೋದ. ಹಾಸಿಗೆ ಹಿಡಿದಿದ್ದ ತಂದೆಯ ಗಾಯಕ್ಕೆ ಬಟ್ಟೆ ಕಟ್ಟುತ್ತಿದ್ದವಳು ಮಗಳು. ಶಾಲೆಯಿಂದ ಬಂದವಳೇ ಕೈ ತೊಳೆದುಕೊಂಡು ಕೂರುತ್ತಿದ್ದಳು, ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ.

ಹಾಗಾಗಿ ಕೋಚ್ ಬಂದು, "ಹಿಟ್ಟು ವಿಷ ಕಣಮ್ಮ, ನಿಮ್ಮಪ್ಪನ್ನ ತಿಂದಿದ್ದೂ ಅದೇ" ಎಂದಾಗ ಅವಳು ಎರಡನೇ ಮಾತಾಡಲಿಲ್ಲ. ಕೋಚ್ ಸುಳ್ಳುಗಾರನಲ್ಲ. ಅವನಿಗೂ ಅದೇ ಕಾಯಿಲೆಯಿತ್ತು. ಹಿಟ್ಟು ಸಕ್ಕರೆ ಬಿಟ್ಟ ಮೇಲೆ ಅವನ ಹೊಟ್ಟೆ ಕರಗಿತ್ತು, ಮಾತ್ರೆಗಳು ಕಡಿಮೆಯಾಗಿದ್ದವು, ಮುಖದಲ್ಲಿ ಕಳೆ ಬಂದಿತ್ತು. ತನ್ನ ಜೀವ ಉಳಿಸಿದ್ದು ಇತರರನ್ನೂ ಉಳಿಸಲಿ ಎಂದುಕೊಂಡವನು ಅವನು.

ಒಲೆಮನೆಯ ಕೆಲಸ ಈಗ ತಾಯಿಯ ತಮ್ಮನದು. ಅವನ ಬಾಯಿಗೆ ಬೀಗವಿರಲಿಲ್ಲ. "ಅಕ್ಕ, ನಿನ್ನ ಮಗಳು ಅಂಗಡಿ ಮುಂದೆ ಹೋಗುವಾಗ ಉಸಿರು ಬಿಗಿ ಹಿಡ್ಕೊಂಡು ಓಡ್ತಾಳೆ. ನೋಡಿದ ಗಿರಾಕಿಗಳು ಒಳಗೆ ಇಲಿ ಸತ್ತಿದೆ ಅಂದ್ಕೋತಾರೆ."

"ಸುಮ್ನಿರೋ. ಆಸೆ ಆಗುತ್ತೆ ಅಂತ ಹಾಗೆ ಹೋಗ್ತಾಳೆ ಮಗು."

"ಆಸೆ ಆದ್ರೆ ತಿನ್ಲಿ. ಕುದುರೆಗೆ ಹುರುಳಿ ಬೇಡ, ಬರೀ ಬೆಣ್ಣೆ ಸಾಕು ಅನ್ನೋನ್ನ ನಾನು ಇವತ್ತೇ ನೋಡಿದ್ದು."

ತಾಯಿ ನಗಲಿಲ್ಲ. ಮಗಳ ತಲೆ ಬಾಚಿದ ಹಣಿಗೆಯಲ್ಲಿ ಕೂದಲು ಉಂಡೆಗಟ್ಟಿ ಬರುತ್ತಿತ್ತು. ತಿಂಗಳ ಮುಟ್ಟು ನಿಂತು ಹೋಗಿತ್ತು. ಕೇಳಿದರೆ, "ಓಡೋರಿಗೆ ಹಾಗೇ ಆಗುತ್ತಮ್ಮ, ಒಳ್ಳೇದೇ ಆಯ್ತು" ಎನ್ನುತ್ತಿದ್ದಳು. ಡಾಕ್ಟರ ಹತ್ತಿರ ಹೋಗೋಣವೆಂದರೆ ಮುಖ ಗಂಟಿಕ್ಕುತ್ತಿದ್ದಳು. ಹತ್ತು ಕಿಲೋಮೀಟರ್ ಓಟದಲ್ಲಿ ಮೊದಲೆಲ್ಲ ಅವಳ ಬೆನ್ನು ನೋಡುತ್ತಿದ್ದ ಹುಡುಗಿಯರು ಈಗ ಅವಳನ್ನು ದಾಟಿ ಹೋಗುತ್ತಿದ್ದರು. ಒಂದು ಸಂಜೆ ತಾಯಿ ಅಂಗಡಿ ಮುಚ್ಚಿ ಮೇಲೆ ಬಂದಾಗ ಮಗಳು ಮೆಟ್ಟಿಲ ನಡುವೆ ಕುಳಿತಿದ್ದಳು. ಬೂಟಿನ ದಾರ ಬಿಚ್ಚಿರಲಿಲ್ಲ.

"ಯಾಕೆ ಪುಟ್ಟಿ, ಇಲ್ಲಿ ಕೂತಿದೀಯಾ?"

"ಸುಮ್ನೆ. ಸ್ವಲ್ಪ ಹೊತ್ತಮ್ಮ. ಹತ್ತಕ್ಕಾಗ್ತಿಲ್ಲ."

ಮರುದಿನ ತಾಯಿ ಸಣ್ಣ ಉರಿಯಲ್ಲಿ ಹಿಟ್ಟು ಹುರಿದಳು. ಹಸಿ ವಾಸನೆ ಹೋಗಬೇಕು, ಬಣ್ಣ ತಿರುಗಬಾರದು. ಬೇಕರಿಯ ಹೆಣ್ಣಿಗೆ ಅದು ಕಣ್ಣುಮುಚ್ಚಿ ಮಾಡುವ ಕೆಲಸ. ಎರಡು ಹಿಡಿ ಹಿಟ್ಟನ್ನು ಸೊಪ್ಪಿನ ಸೂಪಿಗೆ ಕದಡಿದಳು. ಹೂಕೋಸನ್ನು ಬೇಯಿಸಿ ಅರೆಯುವಾಗ ಅದರ ಜೊತೆ ಆಲೂಗಡ್ಡೆಯನ್ನೂ ಅರೆದು, ಮೇಲೆ ಬೆಣ್ಣೆ ಹಾಕಿದಳು.

"ಸೂಪು ಗಟ್ಟಿಯಾಗಿದೆಯಲ್ಲ?" ಎಂದಿದ್ದಳು ಮಗಳು.

"ಕೆನೆ ಜಾಸ್ತಿ ಹಾಕಿದೀನಿ."

"ರುಚಿಯಾಗಿದೆ" ಎಂದು ಬಟ್ಟಲನ್ನು ಮತ್ತೆ ಮುಂದೆ ಒಡ್ಡಿದ್ದಳು. ಎಷ್ಟೋ ದಿನಗಳ ಮೇಲೆ ಅವಳು ಎರಡನೇ ಸಲ ಬಡಿಸಿಕೊಂಡಿದ್ದು ಅಂದೇ. ತಾಯಿ ಒಳಗೆ ಹೋಗಿ ದೇವರ ಮುಂದೆ ಕೈಮುಗಿದು ನಿಂತಳು. ಮಗು ಉಣ್ಣುವಂತಾಗಲಿ ಎಂದು ಬೇಡಿದಳು. ತಾನು ಮಾಡಿದ್ದು ಮಗುವಿಗೆ ತಿಳಿಯದಿರಲಿ ಎಂದೂ ಬೇಡಿದಳು. ಎರಡನ್ನೂ ಒಟ್ಟಿಗೆ ಬೇಡುವುದು ಸರಿಯೋ ಎಂದು ಆಗ ಅವಳಿಗೆ ಹೊಳೆಯಲಿಲ್ಲ.

ಮಗಳು ಚೇತರಿಸಿಕೊಂಡಳು. ಕೆನ್ನೆಗೆ ರಕ್ತ ಬಂತು, ಮೆಟ್ಟಿಲನ್ನು ಮತ್ತೆ ಎರಡೆರಡಾಗಿ ಹತ್ತತೊಡಗಿದಳು. ಆದರೆ ಪಟ್ಟಿ ಮಾತ್ರ ಬಣ್ಣ ಕಳೆದುಕೊಂಡಿತು. ಆವತ್ತು ಬೆಳಿಗ್ಗೆ ಆ ಮಂಕು ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಕೋಚ್‌ಗೆ ತೋರಿಸಲೆಂದು ಅವಳು ಮೈದಾನಕ್ಕೆ ಹೊರಟಾಗ ತಾಯಿ ಬಾಗಿಲವರೆಗೂ ಹಿಂದೆಯೇ ಹೋಗಿದ್ದಳು.

ಸಂಜೆ ಮಗಳು ಕುಣಿಯುತ್ತಲೇ ಬಂದಳು.

"ಅಮ್ಮಾ, ಬಣ್ಣ ಬರದೇ ಇರೋದೇ ಒಳ್ಳೇದಂತೆ! ನನ್ನ ಮೈ ಈಗ ಪೂರ್ತಿ ಕಲಿತುಬಿಟ್ಟಿದೆಯಂತೆ. ಎಲ್ಲಾ ಉರಿಸಿಬಿಡುತ್ತೆ, ಆಚೆ ಹೋಗೋಕೆ ಏನೂ ಉಳಿಯಲ್ವಂತೆ. ಅದಕ್ಕೇ ನಾನು ಈಗ ಇಷ್ಟು ಚೆನ್ನಾಗಿ ಓಡ್ತಿರೋದಂತೆ."

"ಹಾಗಂದ್ರಾ ಅವರು?"

"ಹೂಂ. ನೀನು ಸುಮ್ನೆ ಹೆದರ್ತಿದ್ದೆ. ಬೇರೆ ಹುಡುಗಿಯರಿಗೂ ಇದೇ ಊಟ ಮಾಡಿ ಅಂತ ಹೇಳಿದಾರೆ, ನನ್ನನ್ನ ಮುಂದೆ ನಿಲ್ಲಿಸಿ ತೋರಿಸಿದ್ರು."

ತಾಯಿ ಸೆರಗಿನಿಂದ ಕೈ ಒರೆಸಿಕೊಂಡಳು. ಒರೆಸುತ್ತಲೇ ಇದ್ದಳು.

ಆಯ್ಕೆಯ ಓಟದಲ್ಲಿ ಮಗಳು ಎರಡನೆಯವಳಾಗಿ ಬಂದಳು. ತಂಡಕ್ಕೆ ಸೇರಿಸಿಕೊಂಡರು. ದೊಡ್ಡ ಪಂದ್ಯಕ್ಕೆ ಮೊದಲು ದೂರದ ಊರಿನಲ್ಲಿ ತರಬೇತಿ ಶಿಬಿರ. ಊಟ ವಸತಿ ಅಲ್ಲೇ, ಕೋಚ್‌ನ ಉಸ್ತುವಾರಿಯಲ್ಲೇ. ಮನೆಯವರು ಬರುವಂತಿಲ್ಲ, ಮನೆಯ ತಿಂಡಿ ಕಳಿಸುವಂತಿಲ್ಲ. ಸುದ್ದಿ ಕೇಳಿದ ತಮ್ಮ, ಗಿರಾಕಿಗಳಿಗೆಲ್ಲ ಬನ್ನು ಹಂಚಿದ. ತಾಯಿ ಅವನನ್ನು ಹಿಟ್ಟಿನ ಚೀಲಗಳ ಹಿಂದೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದಳು.

ತಮ್ಮ ಕೈಯಲ್ಲಿದ್ದ ಬನ್ನಿನ ಬುಟ್ಟಿಯನ್ನು ಚೀಲದ ಮೇಲೆ ಇಟ್ಟ.

"ಅಲ್ಲಕ್ಕ, ಅವಳನ್ನ ಕಳಿಸ್ತಿರೋದು ನಿನ್ನ ಸೂಪು. ಅಲ್ಲಿ ಆ ಸೂಪು ಕೊಡೋರು ಯಾರು?"

"ಅದಕ್ಕೇ ಕೇಳ್ತಿರೋದು. ಏನ್ ಮಾಡ್ಲೋ?"

"ಆ ಓಟದ ಮೇಷ್ಟ್ರಿಗೆ ಹೇಳು. ಅವನಿಗಾದ್ರೂ ಗೊತ್ತಿರ್ಲಿ."

ಕೋಚ್ ಮೈದಾನದ ಅಂಚಿನಲ್ಲಿ ಸುಣ್ಣದ ಗೆರೆ ಎಳೆಸುತ್ತಿದ್ದ. ತಾಯಿ ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದ.

"ಎಷ್ಟು ಹಾಕ್ತಿದ್ರಿ?"

"ಸೂಪಿಗೆ ಎರಡು ಹಿಡಿ. ಹೂಕೋಸಲ್ಲಿ ಅರ್ಧಕ್ಕರ್ಧ ಆಲೂಗಡ್ಡೆ."

ಅವನ ಮುಖದಲ್ಲಿ ಏನೋ ಬಂದು ಹೋಯಿತು. ಗೆರೆಯ ಕಡೆ ನೋಡಿದ. ಆಮೇಲೆ, ಮಗುವನ್ನು ರಮಿಸುವವನಂತೆ ನಕ್ಕ.

"ಅಮ್ಮ, ಎರಡು ಹಿಡಿ ಹಿಟ್ಟಿಗೆ ಇಷ್ಟೆಲ್ಲ ಆಗುತ್ತಾ? ತಾಯಂದಿರಿಗೆ ತಮ್ಮ ಕೈಯಡುಗೆ ಮೇಲೆ ಅಭಿಮಾನ ಇರುತ್ತೆ. ನಮ್ಮಮ್ಮನೂ ಹಾಗೇ ಇದ್ಲು. ನಿಮ್ಮ ಮಗಳು ಓಡಿದ್ದು ಅವಳ ಹಟದಿಂದ, ಶಿಸ್ತಿನಿಂದ."

"ಹಾಗಿದ್ರೂ ಸಾರ್, ಅಲ್ಲಿ ಸ್ವಲ್ಪ..."

"ನನ್ನ ಮಗಳ ಹಾಗೆ ನೋಡ್ಕೋತೀನಿ. ಒಂದೇ ಮಾತು. ಇದನ್ನ ಅವಳ ಕಿವಿಗೆ ಹಾಕಬೇಡಿ. ಧೈರ್ಯ ಕುಸಿದ್ರೆ ಯಾವ ಊಟನೂ ಮೇಲೆತ್ತಲ್ಲ."

ದೊಡ್ಡವರ ಮಾತು ಎಂದು ಆಕೆ ಒಪ್ಪಿಕೊಂಡಳು. ಹೊರಡುವ ದಿನ ಬಸ್ಸಿನ ಕಿಟಕಿಯಿಂದ ಮಗಳು ಕೈ ಚಾಚಿ ತಾಯಿಯ ಕೈ ಹಿಡಿದುಕೊಂಡಳು. ತಂದೆ ಹೋದ ಮೇಲೆ ಅವಳ ಮುಖದಲ್ಲಿ ಅಷ್ಟು ಬೆಳಕು ಇದ್ದುದೇ ಇಲ್ಲ.

"ಅಮ್ಮ, ಅಪ್ಪನಿಗೂ ಮೊದಲೇ ಯಾರಾದ್ರೂ ಇದನ್ನ ಹೇಳಿಕೊಟ್ಟಿದ್ರೆ ಅಪ್ಪ ಇರ್ತಿದ್ರು, ಅಲ್ವಾ?"

"ಇರ್ತಿದ್ರೇನೋ ಪುಟ್ಟಿ" ಎಂದಳು ತಾಯಿ. ಅದು ಸುಳ್ಳಾಗಿರಲೂ ಇಲ್ಲ. ಬಸ್ಸು ಹೊರಟಿತು.

ಶಿಬಿರದಿಂದ ಮೊದಲು ಬಂದ ಫೋನುಗಳಲ್ಲಿ ನಗು ಇತ್ತು. ಆಮೇಲೆ ನಗು ಕಡಿಮೆಯಾಯಿತು. ಆಮೇಲೆ ಮಾತೂ ಕಡಿಮೆಯಾಯಿತು.

"ಕಾಲು ಭಾರ ಆಗಿದೆಯಮ್ಮ. ಪಟ್ಟಿಗೆ ಮತ್ತೆ ಬಣ್ಣ ಬರ್ತಿದೆ. ಕಲಿತಿದ್ದ ಮೈ ಮರೆತುಬಿಟ್ಟಿದೆ ಅಂತಾರೆ ಸಾರ್. ಇಷ್ಟು ನಿಧಾನ ಓಡ್ತಿದೀಯಲ್ಲ, ಕದ್ದು ಏನಾದ್ರೂ ತಿಂತಿದೀಯಾ ಅಂತ ಬೇರೆ ಹುಡುಗಿಯರ ಮುಂದೆ ಕೇಳಿದ್ರು. ನಾನು ತಿಂದಿಲ್ಲಮ್ಮ. ಅಪ್ಪನಾಣೆಗೂ ತಿಂದಿಲ್ಲ."

"ಗೊತ್ತು ಮಗಳೇ."

"ಹಾಗಾದ್ರೆ ಯಾಕೆ ಹೀಗೆ? ನಂದೇ ಏನೋ ತಪ್ಪಿದೆ. ಮೈಯಲ್ಲೇ ಏನೋ ಕೆಟ್ಟದ್ದಿದೆ. ಅಪ್ಪನ ಥರ."

ಆ ಮಾತು ಕೇಳಿ ತಾಯಿಗೆ ತಡೆಯಲಾಗಲಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಿಂತಿದ್ದ ಗಿರಾಕಿಗೆ ಬೆನ್ನು ತಿರುಗಿಸಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು: ಸೂಪಿನದನ್ನು, ಹೂಕೋಸಿನದನ್ನು, ಮೆಟ್ಟಿಲ ಮೇಲೆ ಕುಳಿತಿದ್ದ ಆ ಸಂಜೆಯನ್ನು. ನಿನ್ನ ಮೈಯಲ್ಲಿ ಏನೂ ಕೆಟ್ಟದ್ದಿಲ್ಲ, ಹಸಿವಾಗಿದೆ ಅಷ್ಟೇ ಎಂದಳು. ತಿನ್ನು ಮಗಳೇ, ದೇವರ ದಯೆಯಿಂದ ಮತ್ತೆ ಓಡ್ತೀಯಾ ಎಂದಳು.



"ಹಾಗಾದ್ರೆ ಅವತ್ತು ಆಯ್ಕೆಯಲ್ಲಿ ಓಡಿದ್ದು ನಾನಲ್ಲ" ಎಂದಳು ಮಗಳು, ಸಣ್ಣ ದನಿಯಲ್ಲಿ.

"ನೀನೇ ಪುಟ್ಟಿ, ನೀನೇ..."

ಫೋನು ಇಟ್ಟಾಗಿತ್ತು.

ಆಮೇಲಿನದು ತಿಳಿದದ್ದು ಫೋನಿನಲ್ಲಿ, ಕೋಚ್ ಬಾಯಿಂದ. ಮಗಳು ಆ ದಿನದಿಂದ ಇನ್ನೂ ಕಡಿಮೆ ತಿನ್ನತೊಡಗಿದಳಂತೆ. ಬೆಣ್ಣೆಯನ್ನೂ ಬಿಟ್ಟಳಂತೆ. ಎಲ್ಲರ ಓಟ ಮುಗಿದ ಮೇಲೆ ಒಬ್ಬಳೇ ಮತ್ತೆ ಓಡುತ್ತಿದ್ದಳಂತೆ, ಬೇಡವೆಂದರೂ ಕೇಳದೆ. ಹಾಗೆ ಓಡುತ್ತಿರುವಾಗಲೇ ಕುಸಿದಳಂತೆ. ಸೊಂಟದ ಹತ್ತಿರ ತೊಡೆಯ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ಚಿತ್ರ ನೋಡಿದ ಡಾಕ್ಟರು, ಮುದುಕಿಯ ಮೂಳೆ ಹೀಗಿರುತ್ತದೆ ಎಂದರು. ನಡೆಯಬಹುದು, ಓಟದ ಮಾತು ಬೇಡ ಎಂದರು. ಕೋಚ್ ಆಸ್ಪತ್ರೆಯ ಬಾಗಿಲಿನವರೆಗೂ ಬಂದ. ತಾಯಿಯ ಮುಖ ನೋಡಿ ಅಲ್ಲಿಂದಲೇ ಹಿಂದಿರುಗಿದ. ಅವನ ಅಂಗಿ ಮೈಗೆ ದೊಡ್ಡದಾಗಿತ್ತು.

ಮನೆಗೆ ಬಂದ ಮಗಳು ಊರುಗೋಲುಗಳನ್ನು ಗೋಡೆಗೆ ಒರಗಿಸಿ ಮೇಜಿನ ಮುಂದೆ ಕುಳಿತಳು. ಬೈಯಲಿಲ್ಲ, ಅಳಲೂ ಇಲ್ಲ. ತಾಯಿ ಸೂಪಿನ ಬಟ್ಟಲು ತಂದಿಟ್ಟಳು.

"ಇದರಲ್ಲಿ ಏನಿದೆ?"

"ಸೊಪ್ಪು. ಉಪ್ಪು. ಬೇರೇನೂ ಇಲ್ಲಮ್ಮ. ದೇವರಾಣೆ."

ಮಗಳು ಬಟ್ಟಲನ್ನು ಬೆರಳ ತುದಿಯಿಂದ ನಿಧಾನವಾಗಿ ಮೇಜಿನ ಆ ಬದಿಗೆ ಸರಿಸಿದಳು. "ಬೇಡ" ಎಂದಳು. ಮೀನಿನ ಸಾರೂ ಬೇಡವಾಯಿತು, ಹಾಲೂ ಬೇಡವಾಯಿತು. ಸೋದರಮಾವ ಕೆಳಗಿನಿಂದ ಬಿಸಿ ಬ್ರೆಡ್ಡು ತಂದು, "ಇದರಲ್ಲಿ ಮೋಸ ಇಲ್ಲ ಕಣೇ ಕುದುರೆ, ಬರೀ ಹಿಟ್ಟೇ" ಎಂದ. ಅವಳು ಅವನ ಮುಖ ನೋಡಿದಳು. ಅವನು ಬ್ರೆಡ್ಡನ್ನು ಹಾಗೇ ಹಿಡಿದುಕೊಂಡು ಇಳಿದು ಹೋದ.

ಅಂದಿನಿಂದ ಅವಳು ತಿನ್ನುವುದು ಬೇಯಿಸಿದ ಮೊಟ್ಟೆ ಮಾತ್ರ. ಅದನ್ನೂ ಸಿಪ್ಪೆಯ ಸಮೇತ ತಂದಿಡಬೇಕು, ತಾನೇ ಬಿಡಿಸಿಕೊಳ್ಳುತ್ತಾಳೆ. ಡಾಕ್ಟರು ಬರೆದುಕೊಟ್ಟ ಮಾತ್ರೆಗಳ ಜೊತೆ ತಟ್ಟೆಯಲ್ಲಿ ಮೊಟ್ಟೆಗಳನ್ನಿಟ್ಟು ತಾಯಿ ಎದುರಿಗೆ ಕೂರುತ್ತಾಳೆ. ದೇವರ ಮುಂದೆ ನಿಲ್ಲುವುದನ್ನು ಆಕೆ ಬಿಟ್ಟಿಲ್ಲ, ಆದರೆ ನಿಂತಾಗ ಏನು ಬೇಡಬೇಕೆಂದು ತೋಚುವುದಿಲ್ಲ. ಕೈಮುಗಿದುಕೊಂಡು ನಿಂತು ಬರುತ್ತಾಳೆ.

ಇವತ್ತೂ ತಟ್ಟೆ ಬಂತು. ಕೆಳಗೆ ಮೊದಲ ಒಬ್ಬೆಯ ಬ್ರೆಡ್ಡು ಒಲೆಯಿಂದ ಬಂದಿರಬೇಕು, ವಾಸನೆ ಮೆಟ್ಟಿಲೇರಿ ಬರುತ್ತಿತ್ತು. ಮಗಳು ಒಂದು ಮೊಟ್ಟೆಯನ್ನು ಎತ್ತಿ, ಹಿಂದೆ ಆ ಪಟ್ಟಿಗಳನ್ನು ಹಿಡಿಯುತ್ತಿದ್ದ ಹಾಗೆಯೇ, ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು. ನೀರಿನಲ್ಲಿ ಕುದಿಯುವಾಗ ಪಾತ್ರೆಗೆ ತಾಕಿ ಅದರ ಒಂದು ಬದಿ ಕೂದಲೆಳೆಯಷ್ಟು ಬಿರಿದಿತ್ತು. ಅವಳು ಅದನ್ನು ತಟ್ಟೆಯ ಅಂಚಿಗೆ ಇಟ್ಟು, ಇನ್ನೊಂದನ್ನು ಎತ್ತಿಕೊಂಡಳು.

ಬಿರಿದ ಮೊಟ್ಟೆ ಅಂಚಿನಿಂದ ಉರುಳಿ ಮೇಜಿನ ಮೇಲೆ ಬಂದಿತು. ತಾಯಿ ಅದು ಕೆಳಗೆ ಬೀಳದಂತೆ ಅಂಗೈ ಅಡ್ಡ ಇಟ್ಟಳು. ಅದು ಇನ್ನೂ ಬೆಚ್ಚಗಿತ್ತು.