ದೊಡ್ಡ ಕಾರ್ಡಿನ ವೇಗ

ನೀರು ಸರಬರಾಜು ಕಚೇರಿಯ ನೆಲಮಾಳಿಗೆಯಲ್ಲಿ ಉಪಕರಣ ಕೋಣೆ ಎಂದು ಒಂದಿದೆ. ಅಲ್ಲಿ ಕೂರುವ ಮನುಷ್ಯನನ್ನು ಎಲ್ಲರೂ ಸೆಕೆಂಡಪ್ಪ ಎನ್ನುತ್ತಾರೆ. ಎದುರಿಗೇ ಅನ್ನುತ್ತಾರೆ, ಅವನಿಗೂ ಬೇಸರವಿಲ್ಲ. ಕೊರಳಲ್ಲಿ ಸದಾ ಒಂದು ಸ್ಟಾಪ್‌ವಾಚ್ ನೇತಾಡುತ್ತಿರುತ್ತದೆ. ಲಿಫ್ಟು ಮೂರನೇ ಮಹಡಿ ಮುಟ್ಟಲು ಎಷ್ಟು ಹೊತ್ತು, ಕಾಫಿ ಯಂತ್ರ ಒಂದು ಲೋಟ ತುಂಬಿಸಲು ಎಷ್ಟು ಹೊತ್ತು, ಮೇಲಧಿಕಾರಿ ಮೇಡಂ ಒಂದು ಸಹಿ ಹಾಕಲು ಎಷ್ಟು ಹೊತ್ತು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿರುತ್ತದೆ. ಯಾರೂ ಕೇಳುವುದಿಲ್ಲ. ಆದರೂ ಹೇಳುತ್ತಾನೆ.

ಅವನ ಸುಪರ್ದಿಯಲ್ಲಿ ಹನ್ನೆರಡು ಕೈಯಂತ್ರಗಳಿದ್ದವು. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವರು ಹಿಡಿದುಕೊಂಡು ಹೋಗುವಂಥವು, ಎಲ್ಲ ಹಳೆಯವು. ಮೀಟರಿನ ಮುಖದ್ದೊಂದು ಫೋಟೋ, ಮನೆ ನಂಬರಿನದೊಂದು ಫೋಟೋ, ಆಮೇಲೆ ಅಂಕಿ ಒತ್ತಿದರೆ ಒಂದು ದಾಖಲೆ. ಹೀಗೆ ಒಂದೊಂದು ಮನೆಗೂ ಮೂರು ಮೂರು ಸಲ ಯಂತ್ರ ತನ್ನೊಳಗಿನ ಮೆಮೊರಿ ಕಾರ್ಡಿಗೆ ಬರೆಯಬೇಕು. ಬರೆಯುವಷ್ಟು ಹೊತ್ತೂ ಪರದೆಯ ಮೇಲೆ ಒಂದು ಬಿಳಿ ಚಕ್ರ ತಿರುಗುತ್ತದೆ. ಚಕ್ರ ನಿಂತ ಮೇಲೆಯೇ ಮುಂದಿನ ಕೆಲಸ.

ಆ ಹನ್ನೆರಡು ಜನ ಓದುವವರಲ್ಲಿ ಒಬ್ಬಳು ಅವನ ಹೆಂಡತಿ. ಒಂಬತ್ತು ವರ್ಷದಿಂದ ಏರು ರಸ್ತೆಗಳ ಸುತ್ತು ಅವಳದು. ಯಾವ ಮನೆಯ ಮೀಟರು ಹೂಕುಂಡದ ಹಿಂದೆ ಅಡಗಿದೆ, ಯಾವುದರ ಮುಚ್ಚಳ ಕಾಲಲ್ಲಿ ಒದ್ದರೆ ಮಾತ್ರ ತೆರೆದುಕೊಳ್ಳುತ್ತದೆ, ಯಾವ ಅಜ್ಜಿ ಮಾತಿಗೆ ಹಿಡಿದರೆ ಬಿಡುವುದಿಲ್ಲ, ಎಲ್ಲ ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ. ಒಂದು ಕಾಲದಲ್ಲಿ ದಿನಕ್ಕೆ ನೂರೈವತ್ತು ಮನೆ ಮುಗಿಸಿ, ಸಂಜೆ ಇನ್ನೂ ಬಿಸಿಲಿರುವಾಗಲೇ ಮನೆಗೆ ಬರುತ್ತಿದ್ದಳು. ಈಗ ಏಳು ತಿಂಗಳಿಂದ ಅವಳ ಲೆಕ್ಕ ನೂರೈದನ್ನು ದಾಟಿರಲಿಲ್ಲ. ಉಳಿದ ಹನ್ನೊಂದು ಜನ ನೂರೈವತ್ತರಲ್ಲೇ ಇದ್ದರು.

ಮೇಡಂ ಅನ್ಯಾಯ ಮಾಡುವ ಪೈಕಿ ಅಲ್ಲ. ಮೊದಲು ಸೆಕೆಂಡಪ್ಪನನ್ನೇ ಕರೆಸಿದರು. "ಮನುಷ್ಯರನ್ನ ಅನ್ನೋದಕ್ಕೆ ಮುಂಚೆ ಕಾರ್ಡುಗಳನ್ನ ನೋಡ್ಬಿಡಿ. ಯಾವುದು ಎಷ್ಟು ವೇಗ ಅಂತ ಹೋಲಿಸಿ ಒಂದು ವರದಿ ಕೊಡಿ," ಎಂದರು. ಅವನಿಗೆ ಹಬ್ಬದಂಥ ಕೆಲಸ. ಹನ್ನೆರಡೂ ಯಂತ್ರಗಳಿಂದ ಕಾರ್ಡು ಬಿಚ್ಚಿ, ನಂಬರು ಅಂಟಿಸಿ, ತನ್ನ ಮೇಜಿನ ಕಂಪ್ಯೂಟರಿಗೆ ಒಂದೊಂದಾಗಿ ಸಿಕ್ಕಿಸಿ, ಒಂದೇ ಗಾತ್ರದ ಫೈಲನ್ನು ಮೂರು ಮೂರು ಸಲ ಬರೆಸಿ ಸರಾಸರಿ ತೆಗೆದ. ಹನ್ನೊಂದು ಕಾರ್ಡು ಹೆಚ್ಚುಕಡಿಮೆ ಒಂದೇ ಸಮ ಬಂದವು. ಹೆಂಡತಿಯ ಕಾರ್ಡು ಅವನ್ನೆಲ್ಲ ನಾಲ್ಕು ಪಟ್ಟು ಹಿಂದೆ ಹಾಕಿತು.

ಹಾಕದೆ ಏನು? ಅದು ಅವನೇ ಹಾಕಿಕೊಟ್ಟ ಕಾರ್ಡು. ಏಳು ತಿಂಗಳ ಹಿಂದೆ ಅವಳ ಹಳೇ ಕಾರ್ಡು ಕೈಕೊಟ್ಟಾಗ, ಕಪಾಟಿನಲ್ಲಿದ್ದ ಹದಿನಾರು ಜಿಬಿಯ ಮಾಮೂಲಿ ಕಾರ್ಡು ಅವನ ಮನಸ್ಸಿಗೆ ಬರಲಿಲ್ಲ. ಅಂಗಡಿಯವನೊಬ್ಬ ನಮೂನೆಗೆಂದು ಕೊಟ್ಟ ಇನ್ನೂರೈವತ್ತಾರು ಜಿಬಿಯದು ಡ್ರಾಯರಿನಲ್ಲಿತ್ತು. ಚಿನ್ನದ ಬಣ್ಣದ ಅಂಚು, ಮೇಲೆ ದಪ್ಪ ಅಕ್ಷರದಲ್ಲಿ ವೇಗ. ಹೆಂಡತಿಗಲ್ಲವೇ, ಒಳ್ಳೆಯದೇ ಇರಲಿ ಎಂದು ಅದನ್ನೇ ಹಾಕಿದ. ಕಚೇರಿಯ ಯಂತ್ರಕ್ಕೆ ಹೊರಗಿನ ಕಾರ್ಡು ಹಾಕಬಾರದೆಂಬ ನಿಯಮವನ್ನು ಅಂದಿನ ಮಟ್ಟಿಗೆ ಮರೆತ. ಪಾಪ, ಪ್ರೀತಿ ಎಂದರೆ ಅವನಿಗೆ ಅಷ್ಟೇ ಗೊತ್ತಿದ್ದದ್ದು.

ವರದಿಯಲ್ಲಿ ಕಾರ್ಡಿನ ಗಾತ್ರ ಬರೆಯಲಿಲ್ಲ, ನಂಬರು ಮತ್ತು ವೇಗ ಮಾತ್ರ ಬರೆದ. "ಯಾವ ಕಾರ್ಡಿನಲ್ಲೂ ದೋಷ ಕಂಡುಬಂದಿಲ್ಲ. ಏಳನೇ ನಂಬರಿನ ಯಂತ್ರದ ಕಾರ್ಡು ಅತ್ಯಂತ ವೇಗದ್ದು" ಎಂದು ಕೆಳಗೆ ಸಹಿ ಹಾಕಿದ. ಏಳನೇ ನಂಬರು ಹೆಂಡತಿಯದು. ಸಹಿ ಹಾಕುವಾಗ ಅವನಿಗೆ ಕೆಟ್ಟದೆನಿಸಿತು. ಆದರೆ ಅಳತೆ ಅಳತೆಯೇ, ತನ್ನವಳೆಂದು ತಿದ್ದಲಾದೀತೇ ಎಂದು ಸಮಾಧಾನ ಮಾಡಿಕೊಂಡ. ತಾನು ನ್ಯಾಯವಂತನೆಂದು ಒಳಗೊಳಗೇ ಬೆನ್ನು ತಟ್ಟಿಕೊಂಡದ್ದೂ ಉಂಟು.

ಗುರುವಾರ ಮೇಡಂ ಅವಳನ್ನು ಕರೆದು ವಿಷಯ ತಿಳಿಸಿದರು. ಸೋಮವಾರದಿಂದ ಸುತ್ತು ಬೇರೆಯವರಿಗೆ, ಅವಳು ಕಡತ ಕೋಣೆಗೆ. ಆದೇಶಕ್ಕೆ ಶುಕ್ರವಾರ ಸಂಜೆ ಸಹಿ ಬೀಳುತ್ತದೆ. ಕಡತ ಕೋಣೆ ಎಂದರೆ ಕಿಟಕಿಯಿಲ್ಲದ, ಟ್ಯೂಬ್‌ಲೈಟು ಗುಂಯ್ ಎನ್ನುವ, ಮೂರು ಜನ ನಿಂತರೆ ನಾಲ್ಕನೆಯವರಿಗೆ ಜಾಗವಿಲ್ಲದ ಕೋಣೆ.

ರಾತ್ರಿ ಮನೆಯಲ್ಲಿ ಊಟದ ಹೊತ್ತಿಗೆ ಅವಳು ಅಷ್ಟನ್ನೂ ಹೇಳಿ, ತಟ್ಟೆ ನೋಡುತ್ತ ಕೂತಳು. "ನನಗೆ ಅಲ್ಲಿ ಕೂರೋಕಾಗಲ್ಲರೀ. ನಡೆಯೋದು ಬಿಟ್ಟು ನನಗೆ ಬೇರೇನೂ ಬರಲ್ಲ," ಎಂದಳು.

ಸುಮ್ಮನಿರುವ ಅಭ್ಯಾಸ ಅವನಿಗಿಲ್ಲ. "ನಾಳೆ ನಿನ್ನ ಜೊತೆ ನಾನೂ ಬರ್ತೀನಿ. ಎಲ್ಲಿ ಹೊತ್ತು ಸೋರ್ತಿದೆ ಅಂತ ಅಳೆದು ತೋರಿಸ್ತೀನಿ. ಸರಿಮಾಡ್ಕೊಂಡ್ರೆ ಮೇಡಂ ಹತ್ರ ಮಾತಾಡಬಹುದು," ಎಂದ.

"ಅಪ್ಪಾ, ಅಮ್ಮ ತುತ್ತು ನುಂಗೋದಕ್ಕೂ ವಾಚ್ ಒತ್ತಿಬಿಡಿ," ಎಂದಳು ಮಗಳು. ಹದಿನೇಳರ ಹುಡುಗಿ, ಮಾತಿನಲ್ಲಿ ತಾಯಿಗಿಂತ ಒಂದು ಹೆಜ್ಜೆ ಮುಂದೆ. ಅಂದು ಅವಳ ಮಾತಿಗೆ ಯಾರೂ ನಗಲಿಲ್ಲ.

ಶುಕ್ರವಾರ ಬೆಳಗ್ಗೆ ಗಂಡಹೆಂಡತಿ ಏರು ರಸ್ತೆ ಹತ್ತಿದರು. ಅವನು ಒಂದು ರಟ್ಟಿನ ಮೇಲೆ ಹಾಳೆ ಸಿಕ್ಕಿಸಿ ಕಾಲಂ ಗೀಚಿಕೊಂಡಿದ್ದ: ನಡಿಗೆ, ಮುಚ್ಚಳ ತೆರೆಯುವುದು, ಗಾಜು ಒರೆಸುವುದು, ಓದುವುದು, ಒತ್ತುವುದು, ಇತರೆ. ಮೊದಲ ಮನೆಯಲ್ಲೇ ಅವನಿಗೆ ಕಸಿವಿಸಿಯಾಯಿತು. ಅವಳು ಬಗ್ಗಿ ಮುಚ್ಚಳ ಎತ್ತಿ ಗಾಜು ಒರೆಸಿ ಅಂಕಿ ಓದುವಷ್ಟರಲ್ಲಿ ಇವನ ಬೆರಳು ವಾಚಿನ ಗುಂಡಿಯನ್ನು ಸರಿಯಾಗಿ ಮುಟ್ಟಿಯೇ ಇರಲಿಲ್ಲ. ಎರಡನೇ ಮನೆಯಲ್ಲಿ ಗೋಡೆ ಪಕ್ಕದ ಕಿರಿದಾದ ಸಂದಿಯಲ್ಲಿ ಅಡ್ಡಡ್ಡ ನುಗ್ಗಿ, ಹೋದಷ್ಟೇ ಬೇಗ ಹೊರಗೆ ಬಂದಳು. ಇವನು ಅದೇ ಸಂದಿಯಲ್ಲಿ ಹೊಟ್ಟೆ ಸಿಕ್ಕಿಸಿಕೊಂಡು ನಿಂತ.

"ಬನ್ನಿ ಬನ್ನಿ, ನಿಧಾನದೋಳು ನಾನು," ಎಂದಳು, ಹಿಂದಕ್ಕೆ ನೋಡದೆ.

ಹತ್ತು ಮನೆಯಾದ ಮೇಲೆ ಅವನು ಮರದ ನೆರಳಲ್ಲಿ ನಿಂತು ಹಾಳೆ ಕೂಡಿಸಿದ. ಎಲ್ಲ ಕಾಲಮ್ಮುಗಳೂ ಚಿಕ್ಕವು, ಕೊನೆಯದೊಂದೇ ಊದಿಕೊಂಡಿತ್ತು. ಇತರೆ ಎಂದು ಬರೆದದ್ದು ಯಂತ್ರ ಹಿಡಿದುಕೊಂಡು ಸುಮ್ಮನೆ ನಿಂತ ಹೊತ್ತು. ಮುಂದಿನ ಮನೆಯಲ್ಲಿ ಅವನು ಅವಳ ಕೈ ನೋಡುವುದು ಬಿಟ್ಟು ಪರದೆ ನೋಡಿದ. ಫೋಟೋ ತೆಗೆದಳು, ಚಕ್ರ ತಿರುಗಿತು. ಗುಂಡಿ ಒತ್ತಿದ. ಚಕ್ರ ನಿಂತಾಗ ಹತ್ತೊಂಬತ್ತು ಸೆಕೆಂಡು. ಎರಡನೇ ಫೋಟೋಗೆ ಇಪ್ಪತ್ತು. ದಾಖಲೆಗೆ ಹತ್ತೊಂಬತ್ತು. ಒಂದು ಮನೆಯ ಮುಂದೆ ಹತ್ತಿರ ಹತ್ತಿರ ಒಂದು ನಿಮಿಷ ಅವಳು ಮಾಡಬಹುದಾದದ್ದೇ ಏನೂ ಇರಲಿಲ್ಲ.

ಅವನ ಜೇಬಿನ ಡಬ್ಬಿಯಲ್ಲಿ ಕಚೇರಿಯ ಮಾಮೂಲಿ ಹದಿನಾರು ಜಿಬಿಯದೊಂದು ಇತ್ತು. "ಯಂತ್ರ ಕೊಡು ಒಂದ್ನಿಮಿಷ," ಎಂದು ಇಸಿದುಕೊಂಡು, ಹಿಂದಿನ ಮುಚ್ಚಳ ತೆಗೆದು ಕಾರ್ಡು ಬದಲಿಸಿದ. ಅದೇ ಮೀಟರಿನ ಫೋಟೋ ತೆಗೆಯಲು ಹೇಳಿದ. ಚಕ್ರ ಅರ್ಧ ತಿರುಗಿ ನಿಂತಿತು. ಎರಡು ಸೆಕೆಂಡು. ನಂಬಲಾರದೆ ಚಿನ್ನದಂಚಿನ ಕಾರ್ಡು ಮತ್ತೆ ಹಾಕಿದ, ಹತ್ತೊಂಬತ್ತು. ಮತ್ತೆ ಸಣ್ಣದು ಹಾಕಿದ, ಎರಡು.

ಕಾರಣ ಅವನಿಗೆ ಗೊತ್ತಿಲ್ಲದ್ದೇನಲ್ಲ. ಆ ಹಳೇ ಯಂತ್ರ ಬ್ಯಾಟರಿ ಉಳಿಸಲೆಂದು ಪ್ರತಿ ಫೋಟೋ ಆದಮೇಲೂ ಕಾರ್ಡನ್ನು ಮಲಗಿಸಿಬಿಡುತ್ತದೆ. ಮತ್ತೆ ಎಬ್ಬಿಸಿದಾಗ, ಎಲ್ಲೆಲ್ಲಿ ಜಾಗ ಖಾಲಿಯಿದೆ ಎಂದು ಮೊದಲಿಂದ ಕೊನೆಯವರೆಗೂ ಎಣಿಸಿಕೊಂಡೇ ಬರೆಯಲು ಶುರುಮಾಡುತ್ತದೆ. ಕಾರ್ಡು ಸಣ್ಣದಾದರೆ ಎಣಿಕೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ. ದೊಡ್ಡದಾದರೆ, ಒಂದು ಡಬ್ಬಿ ಇಡುವುದಕ್ಕೆ ಇಡೀ ಉಗ್ರಾಣ ಸುತ್ತಿ ಬಂದ ಹಾಗೆ. ಮೇಜಿನ ಕಂಪ್ಯೂಟರಿಗೆ ಆ ಚಾಳಿ ಇಲ್ಲ. ಕೈಯಂತ್ರದ ಕಾರ್ಡನ್ನು ಕೈಯಂತ್ರದಲ್ಲೇ ಅಳೆಯಬೇಕೆಂಬುದು ಹನ್ನೆರಡು ಕಾರ್ಡನ್ನು ಮೂವತ್ತಾರು ಸಲ ಅಳೆದವನಿಗೆ ಹೊಳೆದಿರಲಿಲ್ಲ.

"ಏನಾಯ್ತು?" ಎಂದಳು ಹೆಂಡತಿ.

"ಕಾರ್ಡು," ಎಂದ. "ನಾನು ಹಾಕಿದ್ನಲ್ಲ, ಆ ದೊಡ್ಡದು. ಅದರಿಂದಾನೇ."

ಅವಳು ಆ ಮನೆಯ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತು ತನ್ನ ಎರಡು ಕೈಗಳನ್ನು ಮಗುಚಿ ಮಗುಚಿ ನೋಡಿಕೊಂಡಳು. "ನಾನು ದಿನಾ ಬೆಳಗ್ಗೆ ನೀರು ಕುಡಿಯೋದೇ ಬಿಟ್ಟಿದ್ದೆ, ಗೊತ್ತಾ? ಬಾತ್‌ರೂಮಿಗೆ ಹೋದ್ರೆ ಹತ್ತು ನಿಮಿಷ ಹೋಗುತ್ತೆ ಅಂತ. ವಯಸ್ಸಾಯ್ತು, ಕೈ ಓಡ್ತಿಲ್ಲ ಅಂತ ಡಾಕ್ಟ್ರಿಗೂ ತೋರಿಸ್ಕೊಂಡು ಬಂದೆ. ನಿಮಗೆ ಹೇಳಿರಲಿಲ್ಲ," ಎಂದಳು. ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಹಗುರಾಗುತ್ತಿತ್ತು.

ನಾಚಿಕೆ ಅವನನ್ನು ಕಾಲಿನಿಂದ ತಲೆಯವರೆಗೆ ಹತ್ತಿತು. ಅದರ ಜೊತೆಗೇ ಹೆದರಿಕೆಯೂ ಬಂತು. ಸಣ್ಣ ಕಾರ್ಡನ್ನೇ ಯಂತ್ರದಲ್ಲಿ ಬಿಟ್ಟು ಬಾಯಿಮುಚ್ಚಿಕೊಂಡಿದ್ದರೆ ಲೆಕ್ಕ ತಾನಾಗಿ ಮೇಲೇರುತ್ತದೆ, ನಿಜ. ಆದರೆ ಏರುವ ಹೊತ್ತಿಗೆ ಸುತ್ತು ಬೇರೆಯವರ ಪಾಲಾಗಿರುತ್ತದೆ. ಕಾರ್ಡು ಕೆಟ್ಟಿತ್ತು ಎನ್ನೋಣವೆಂದರೆ, ಅದೇ ಅತ್ಯಂತ ವೇಗದ್ದೆಂದು ತಾನೇ ಬರೆದು ಸಹಿ ಹಾಕಿದ್ದಾನೆ. ನಿಯಮ ಮುರಿದದ್ದೂ ತಾನು, ತಪ್ಪು ಅಳೆದದ್ದೂ ತಾನು. ಇದರಿಂದ ನುಣುಚಿಕೊಳ್ಳಲು ಇಳಿಯುವ ದಾರಿಯುದ್ದಕ್ಕೂ ಲೆಕ್ಕ ಹಾಕಿದ, ಯಾವುದೂ ಕೂಡಿಬರಲಿಲ್ಲ.

ಮಧ್ಯಾಹ್ನ ಇಬ್ಬರೂ ಮೇಡಂ ಎದುರು ನಿಂತಿದ್ದರು. ಆದೇಶದ ಹಾಳೆ ಮೇಜಿನ ಮೇಲೆಯೇ ಇತ್ತು, ಸಹಿ ಬಿದ್ದಿರಲಿಲ್ಲ. ಮೇಡಂ ಅವನು ಬೆಳಗಿನ ಅಳತೆ ಬರೆದು ಸಹಿ ಹಾಕಿಕೊಟ್ಟ ಹೊಸ ಪಟ್ಟಿಯನ್ನೂ ಹಳೇ ವರದಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರು.

"ಇಲ್ಲಿ ಎಲ್ಲಕ್ಕಿಂತ ವೇಗ ಅಂತ ಬರೆದಿದ್ದೀರಿ. ಇಲ್ಲಿ ಎಲ್ಲಕ್ಕಿಂತ ನಿಧಾನ ಅಂತ ಬರೆದಿದ್ದೀರಿ. ಎರಡೂ ನಿಮ್ಮದೇ ಸಹಿ."

"ನನ್ನ ಮೇಜಿನ ಮೇಲೆ ವೇಗ, ಮೇಡಂ. ಅವಳ ಕೈಲಿ ನಿಧಾನ. ಅವಳ ಕೈಲಿಟ್ಟು ನಾನು ನೋಡಿರಲಿಲ್ಲ."

"ಈ ಕಾರ್ಡು ನಮ್ಮದಲ್ಲ. ಹಾಕಿದ್ದು ಯಾರು?"

"ನಾನೇ," ಎಂದ. "ಒಳ್ಳೇದು ಅಂತ ಹಾಕಿದ್ದೆ."

ಮೇಡಂ ಆದೇಶದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಸದ ಬುಟ್ಟಿಗೆ ಹಾಕಿದರು. ಅಷ್ಟೇ, ಸುತ್ತು ಉಳಿಯಿತು. ಅವನಿಗೆ ಲಿಖಿತ ವಿವರಣೆ ಕೊಡಲು ಹೇಳಿ, ಮೇಡಂ ಅವಳ ಕಡೆ ತಿರುಗಿದರು.

"ಅಲ್ಲಮ್ಮಾ, ಏಳು ತಿಂಗಳು ಹೀಗಾಗ್ತಿದ್ರೆ ಉಪಕರಣ ಕೋಣೆಗೆ ಒಂದು ದೂರು ಕೊಡಬಾರದಿತ್ತಾ? ಬೇರೆಯವರೆಲ್ಲ ಕೊಡ್ತಾರೆ. ಗುಂಡಿ ಒತ್ತಿದ್ರೆ ಕಿರ್ ಅನ್ನುತ್ತೆ ಅನ್ನೋದನ್ನೂ ಇವರು ದೂರಿನ ಪುಸ್ತಕದಲ್ಲಿ ತಾರೀಖು, ಗಂಟೆ ಸಮೇತ ಬರ್ಕೊಂಡಿದ್ದಾರೆ. ನಿಮ್ಮ ಹೆಸರಲ್ಲಿ ಒಂದೂ ಇಲ್ಲ."

"ಕೊಟ್ಟಿದ್ದೀನಿ ಮೇಡಂ," ಎಂದಳು.

"ಪುಸ್ತಕದಲ್ಲಿ ಇಲ್ವಲ್ಲ."

"ಮನೇಲಿ ಕೊಟ್ಟಿದ್ದು. ಚಕ್ರ ತುಂಬಾ ಹೊತ್ತು ತಿರುಗುತ್ತೆ ಅಂತ. ಎಲ್ಲರದ್ದೂ ತಿರುಗುತ್ತೆ, ನಿನ್ನ ಕೈ ನಿಧಾನ ಅಂದ್ರು."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಗಂಡಹೆಂಡತಿಯ ನಡುವೆ ಮೂಗು ತೂರಿಸಲು ಅವರಿಗೆ ಇಷ್ಟವಿರಲಿಲ್ಲ, ಆದರೆ ಕಡತ ಪೂರ್ತಿಯಾಗಬೇಕಲ್ಲ. "ಹಾಗಾದ್ರೆ ವಿವರಣೆಯಲ್ಲಿ ಅದೂ ಬರಬೇಕು. ಮೊದಲ ಸಲ ಹೇಳಿದ್ದು ಯಾವತ್ತು?"

ಅವಳು ನೆನಪು ಮಾಡಿಕೊಳ್ಳಲು ನೋಡಿದಳು. "ದಿನಾ ಹೇಳ್ತಿದ್ದೆ ಮೇಡಂ. ಮೊದಲನೇದು ಯಾವತ್ತು ಅಂತ ಹೇಗೆ ಹೇಳಲಿ? ಆಮೇಲೆ ಹೇಳೋದೇ ಬಿಟ್ಟೆ."

"ಕಾರ್ಡು ಹಾಕಿದ ಮಾರನೇ ದಿನ," ಎಂದ ಸೆಕೆಂಡಪ್ಪ, ತನ್ನಷ್ಟಕ್ಕೆ ಬಾಯಿಂದ ಬಂದಂತೆ. "ಮಂಗಳವಾರ. ಸಂಜೆ ಆರೂ ಇಪ್ಪತ್ತು."

ಹೆಂಡತಿ ಅಂದು ಮೊದಲ ಬಾರಿಗೆ ಪೂರ್ತಿ ಅವನ ಕಡೆ ತಿರುಗಿದಳು.

"ಹಾಗಾದ್ರೆ ನಿಮಗೆ ಕೇಳಿಸಿತ್ತು," ಎಂದಳು.