ಮಿರ್ಚಿಗಾಗಿ ಎರಡು ಸಭೆ

ಕನಕಗಿರಿಯಲ್ಲಿ ಮೂರು ಮನೆಯವರು ಸೇರಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿದ್ದರು. ದಿನಕ್ಕೊಂದು ಮನೆ, ಮನೆಗೊಂದು ಪಾಠ. ಸುರೇಖಾಳದು ಗಣಿತ, ಹಜರತಬೀಯದು ವಿಜ್ಞಾನ, ವಿಜಯಲಕ್ಷ್ಮಿಯದು ಕನ್ನಡ. ಜಗಳ ಬಂದರೆ ಏನು ಮಾಡಬೇಕೆಂಬ ನಿಯಮವೂ ಸುರೇಖಾಳದೇ: ಮೂವರೂ ಒಪ್ಪಬೇಕು, ಬೇಡ ಅನ್ನುವವರು ಬೇರೆ ದಾರಿ ತೋರಿಸಬೇಕು. ಆ ನಿಯಮದ ಬಗ್ಗೆ ಅವಳಿಗೆ ತುಸು ಹೆಮ್ಮೆ. ತುಸುವೇನು, ಸಾಕಷ್ಟೇ ಇತ್ತು.

ತಕರಾರು ಹುಟ್ಟಿದ್ದು ಮಿರ್ಚಿ ಭಜಿಯಿಂದ. ಹಜರತಬೀ ಪಾಠದ ನಡುವೆ ಬಿಸಿಬಿಸಿ ಭಜಿ ಕೊಡುತ್ತಿದ್ದಳು. ಅವಳ ಮನೆಗೆ ಮಕ್ಕಳು ಓಡಿ ಹೋಗುತ್ತಿದ್ದರು. ಗಣಿತದ ದಿನ ಮಾತ್ರ ಎಲ್ಲರಿಗೂ ಹೊಟ್ಟೆನೋವು. ಸುರೇಖಾಳ ಮಗಳು ಹೇಮಾಗೆ ಅಡುಗೆಮನೆಯಿಂದ ಪಡಸಾಲೆಗೆ ಬರುವುದೂ ದೂರವಾಗುತ್ತಿತ್ತು.

ಸುರೇಖಾ ಸಭೆ ಕರೆದಳು. "ಪಾಠ ಅಂದ್ರ ಪಾಠರಿ. ತಿನ್ನೋದು ಬಂದ್ ಮಾಡೂಣು."

"ಆತ್ರಿ," ಎಂದಳು ಹಜರತಬೀ. ವಿಜಯಲಕ್ಷ್ಮಿಯೂ ಹೂಂ ಅಂದಳು.

ಅಷ್ಟೇ. ವಾದಕ್ಕೆಂದು ಅಷ್ಟು ತಯಾರಾಗಿ ಬಂದಿದ್ದ ಸುರೇಖಾಳಿಗೆ ಗೆದ್ದದ್ದೇ ಸಪ್ಪೆ ಅನ್ನಿಸಿತು.

ವಿಜ್ಞಾನದ ದಿನ ಅವಳು ಎಂದಿನಂತೆ ಮಗಳನ್ನು ಕರೆಯಲು ಬೇಗನೇ ಹೋದಳು. ಪಾಠ ನೋಡುವುದು ನೆಪ, ಭಜಿಯ ತಾಟು ನೋಡುವುದು ರೂಢಿ. ಇವತ್ತು ಒಲೆ ತಣ್ಣಗಿತ್ತು. ಹಜರತಬೀ ನೀರು ಕೊಟ್ಟಳು. ಸುರೇಖಾ ಕುಡಿದಳು, ಒಲೆಯ ಕಡೆ ನೋಡಿದಳು, ಮತ್ತಷ್ಟು ನೀರು ಕೇಳಿದಳು.

ಆ ವಾರವೇ ಮತ್ತೊಂದು ಸಭೆ.

"ಆ ನಿರ್ಧಾರಕ್ಕ ನಂದೊಂದು ತಕರಾರ ಐತ್ರಿ," ಎಂದಳು ಸುರೇಖಾ.

"ಅದು ನಿಮ್ಮ ನಿರ್ಧಾರನ ಅಲ್ರೀ ಅಕ್ಕಾರ?" ವಿಜಯಲಕ್ಷ್ಮಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಇದ್ರ ಇರ್ಲಿ."

"ಹಂಗಾರ ಬ್ಯಾರೆ ದಾರಿ ತೋರಿಸ್ರಿ. ನಿಯಮ ಐತಲ್ರಿ," ಎಂದಳು ಹಜರತಬೀ.

ಸುರೇಖಾ ತಡವರಿಸಿದಳು. "ಹುಡುಗ್ರು ನನ್ನ ಪಾಠಕ್ಕೂ ಓಡಿ ಬರ್ಲಿ ಅಂತ ಆಸೆರಿ. ಆದ್ರ ನನಗ ಭಜಿ ಮಾಡಾಕ ಬರಂಗಿಲ್ಲ."

ಯಾರೂ ನಗಲಿಲ್ಲ.

"ಮೊದ್ಲ ಹೇಳಬಾರದೇನ್ರಿ?" ಎಂದಳು ಹಜರತಬೀ. "ಪಾಠ ಮುಗದ ಮ್ಯಾಲೆ ಎಲ್ಲಾರ ಮನ್ಯಾಗೂ ತಿಂಡಿ ಇರ್ಲಿ. ಭಜಿ ಮಾಡೋದು ನಾ ಬಂದು ಕಲಿಸ್ತೀನಿ."

ಮೂವರೂ ಒಪ್ಪಿದರು.

ಮುಂದಿನ ಗಣಿತದ ದಿನ ಸುರೇಖಾಳ ಬಾಣಲೆಯಲ್ಲಿ ಹಿಟ್ಟು ಒಂದು ಕಡೆ ತೇಲಿತು, ಮೆಣಸಿನಕಾಯಿ ಇನ್ನೊಂದು ಕಡೆ. ಹಜರತಬೀ ಹಿಟ್ಟು ಗಟ್ಟಿ ಮಾಡಿಸಿದಳು. ಹೇಮಾ ಒಂದು ಭಜಿ ಕಚ್ಚಿ, ಬಹಳ ಹೊತ್ತು ಅಗಿದು, ಅವ್ವನ ಬೆವೆತ ಮುಖ ನೋಡಿದಳು.

"ಅವ್ವಾ, ಇವತ್ತ ಲೆಕ್ಕ ಭಾಳ ಛಲೋ ಇದ್ವು," ಎಂದಳು.