ಬೋಗುಣಿಯಲ್ಲಿ ನಿಂತ ಕೈ

ನಮ್ಮ ಬಾಯೂ ಎಂಬ ಜೌಗು ಹೊಳೆಯ ದಂಡೆಯಲ್ಲಿ ಚಳಿಗಾಲದಲ್ಲಿ ಹಂದಿ ಕಡಿಯುವುದೆಂದರೆ ಕೇರಿಯೆಲ್ಲ ಸೇರುವ ಹಬ್ಬ. ಕತ್ತಿ ಹಿಡಿಯುವವರು ನನ್ನ ಭಾವ ಎವಾರಿಸ್ಟ್. ರಕ್ತ ಹಿಡಿಯುವವಳು ಅವರ ಹೆಂಡತಿ, ನನ್ನ ಅಕ್ಕ ಓಡಿಲ್. ಬಿಸಿ ರಕ್ತ ಬೋಗುಣಿಗೆ ಬಿದ್ದ ಕೂಡಲೇ ಉಪ್ಪು ಹಾಕಿ ಕೈಯಾಡಿಸುತ್ತಲೇ ಇರಬೇಕು. ಕೈ ನಿಂತರೆ ಹೆಪ್ಪುಗಟ್ಟುತ್ತದೆ, ಆಮೇಲೆ ಅದನ್ನು ಕರುಳಿಗೆ ತುಂಬಿ ಕೆಂಪು ಬೂಡಾಂ ಎಂಬ ಸಾಸೇಜ್ ಮಾಡುವ ಆಸೆ ಬಿಟ್ಟಂತೆ. ಅಕ್ಕನ ಕೈ ನಿಂತದ್ದನ್ನು ನಾನು ಕಂಡವಳೇ ಅಲ್ಲ.

ಕೊರೋನಾ ವರ್ಷ ಭಾವನನ್ನು ಆಸ್ಪತ್ರೆಗೆ ಸೇರಿಸಿದೆವು. ಉಸಿರು ಸುಧಾರಿಸಿತು ಅನ್ನುವಾಗ ಎಡಗಾಲು ಊದಿಕೊಂಡಿತು. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಒಂದು ಚೂರು ಶ್ವಾಸಕೋಶಕ್ಕೂ ಹೋಗಿದೆ ಅಂದರು. ಆ ವಾರ್ಡಿನಲ್ಲಿ ಬಹಳ ಜನರಿಗೆ ಹಾಗೇ ಆಗುತ್ತಿತ್ತಂತೆ; ಪಕ್ಕದ ಹಾಸಿಗೆಯವನು ಕಾಲನ್ನೇ ಕಳೆದುಕೊಂಡ. ಹೊಟ್ಟೆಗೆ ಸೂಜಿ ಚುಚ್ಚಿ ಚುಚ್ಚಿ ಭಾವನನ್ನು ಉಳಿಸಿದರು. ಇನ್ನು ಮೂರು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ ತಪ್ಪಿಸಕೂಡದು, ತಪ್ಪಿಸಿದರೆ ಮತ್ತೆ ಹೆಪ್ಪುಗಟ್ಟುತ್ತದೆ ಎಂದು ಡಾಕ್ಟರಮ್ಮ ಅಕ್ಕನಿಗೆ ಫೋನಿನಲ್ಲಿ ಹೇಳಿದರು.

"ಅಂದ್ರೆ ನಾನು ಬೋಗುಣೀಲಿ ಮಾಡೋ ಕೆಲ್ಸಾನೇ" ಅಂದಳು ಅಕ್ಕ.

"ಅದೇ ಕೆಲಸ, ಅಮ್ಮಾ."

ಭಾವ ಮನೆಗೆ ಬಂದು ತಿಂಗಳು ಕಳೆಯುವಷ್ಟರಲ್ಲಿ ಹಂದಿ ಕೊಬ್ಬಿತು. ಗುಂಪು ಸೇರಬೇಡಿ ಅಂದರೆ ಕೇಳುವ ಜಾತಿಯೇ ನಮ್ಮದು? ಶನಿವಾರವೇ ಎಂದು ಗೊತ್ತುಮಾಡಿದರು. ಭಾವ ಕತ್ತಿ ಮಸೆಯತೊಡಗಿದರು, ಮಾತ್ರೆಯ ಮೇಲೆ ಗೊಣಗತೊಡಗಿದರು.

"ಕತ್ತಿ ಹಿಡಿಯೋನ ರಕ್ತ ನೀರಾದ್ರೆ ಏನ್ ಗತಿ? ಒಂದ್ ಗೀರು ಬಿದ್ರೆ ಹಂದಿಗಿಂತ ಮುಂಚೆ ನಾನೇ ಖಾಲಿ!"

"ಹಂಗಾದ್ರೆ ಕತ್ತಿ ನಿಮ್ಮ ತಮ್ಮಂಗೆ ಕೊಡಿ, ಭಾವ" ಅಂದೆ.

"ಅವ್ನಿಗಾ? ಕೋಳಿ ಕುಯ್ಯೋವಾಗ್ಲೇ ಕಣ್ಮುಚ್ಕೋತಾನೆ."

ಅಕ್ಕ ನಗಲಿಲ್ಲ. "ರೀ, ನೀವು ಮಾತ್ರೆ ಬಿಟ್ರೆ ನಾನು ಬೋಗುಣಿ ಮುಟ್ಟಲ್ಲ."

"ಆಯ್ತು ಮಹಾತಾಯಿ, ನೋಡು" ಎಂದು ಭಾವ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ತೋರಿಸಿ ಬಾಯಿ ಮುಚ್ಚಿದರು. ಆ ವಾರವೆಲ್ಲ ದಿನಾ ಹಾಗೇ ತೋರಿಸಿದರು. ಅಕ್ಕ ನಂಬಿದಳು, ನಾನೂ ನಂಬಿದೆ.

ಶನಿವಾರ ಬೆಳಿಗ್ಗೆ ಭಾವನ ಕೈ ಚೂರೂ ಅಲುಗಲಿಲ್ಲ. ಒಂದೇ ಇರಿತಕ್ಕೆ ಹಂದಿ ಒರಗಿತು. ಅಕ್ಕ ಮಂಡಿಯೂರಿ ತೋಳೇರಿಸಿ ಕೈಯಾಡಿಸತೊಡಗಿದಳು.

"ನೋಡ್ದೇನೇ, ಒಂದ್ ಗೀರೂ ಇಲ್ಲ" ಎಂದು ಭಾವ ನನಗೆ ಬೆರಳು ತೋರಿಸಿದರು. ಆಮೇಲೆ ಎದೆ ಹಿಡಿದುಕೊಂಡರು. ಉಸಿರಿಗೆ ಬಾಯಿ ತೆರೆದರು, ಸಿಗಲಿಲ್ಲ. ಹಂದಿಯ ಪಕ್ಕದಲ್ಲೇ ಕುಸಿದರು.

ಅಕ್ಕ ಬೋಗುಣಿ ಬಿಟ್ಟು ಓಡಿದಳು.

ಆಂಬ್ಯುಲೆನ್ಸ್ ಆಸ್ಪತ್ರೆ ಮುಟ್ಟುವ ಮೊದಲೇ ಭಾವ ಹೋಗಿದ್ದರು. ಹೆಪ್ಪು ಶ್ವಾಸಕೋಶದ ದೊಡ್ಡ ನಾಳವನ್ನೇ ಮುಚ್ಚಿತ್ತು. ನರ್ಸ್ ಅವರ ಅಂಗಿ ಕೊಟ್ಟಳು. ಜೇಬಿನಲ್ಲಿ ಎಂಜಲಿಗೆ ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡ ಮಾತ್ರೆಗಳಿದ್ದವು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಸತ್ತವರೆಂದೂ ನೋಡದೆ ಬಾಯಿಗೆ ಬಂದಂತೆ ಬೈದೆ.

ಮನೆಗೆ ಬಂದಾಗ ಅಂಗಳ ಖಾಲಿಯಾಗಿತ್ತು. ಬೋಗುಣಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ರಕ್ತ ಗಟ್ಟಿಯಾಗಿ ಕಪ್ಪಿಟ್ಟಿತ್ತು. ಅಕ್ಕ ಮಂಡಿಯೂರಿ, ತೋಳೇರಿಸಿ, ಅದರೊಳಗೆ ಕೈ ಹಾಕಿ ತಿರುಗಿಸತೊಡಗಿದಳು.

"ಬಿಡೇ ಅಕ್ಕ, ಇನ್ನು ಬರಲ್ಲ ಅದು" ಅಂದೆ.

ಅವಳು ಕೈ ನಿಲ್ಲಿಸಲಿಲ್ಲ.